ಜೆಲ್ಯೋಟ್ ಕಾಸ್ಟ್ರಾಟೊ ಅಲ್ಲ

ಹೆಣ್ಣುವೇಷದ ಗಾಯಕನೊಬ್ಬನ ಹಳೇ ಚಿತ್ರ ಓಡಾಡುತ್ತಿದೆ. "ಇವನು ಪಿಯೆರ್ ಜೆಲ್ಯೋಟ್, ಫ್ರಾನ್ಸಿನ ಪ್ರಸಿದ್ಧ ಕಾಸ್ಟ್ರಾಟೊ. ದನಿ ಒಡೆಯದಿರಲಿ ಅಂತ ಬಾಲ್ಯದಲ್ಲೇ ಬೀಜ ತೆಗೆಸಿದ್ದರು" ಅನ್ನೋ ಬರಹ ಅದರ ಜೊತೆಗಿದೆ. ಹೆಸರು ಸರಿ, ಕಾಸ್ಟ್ರಾಟೊ ಅನ್ನೋದು ತಪ್ಪು.

ಕಾಸ್ಟ್ರಾಟೊಗಳು ಮೆರೆದದ್ದು ಇಟಲಿಯ ಒಪೆರಾದಲ್ಲಿ, ಅಂದರೆ ಹಾಡುನಾಟಕದಲ್ಲಿ. ಫ್ರೆಂಚರಿಗೆ ನಾಯಕನ ಪಾತ್ರದಲ್ಲಿ ಅವರು ಹಿಡಿಸಲಿಲ್ಲ. ಅಲ್ಲಿ ಆ ಪಾತ್ರಗಳನ್ನು ಹಾಡಿದವರು ಓತ್-ಕಾಂತ್ರ್‌ಗಳು. ಅಂದರೆ ಜಾಸ್ತಿ ಎತ್ತರಕ್ಕೆ ಹೋಗಬಲ್ಲ ಟೆನರ್‌ಗಳು, ಸಹಜ ಗಂಡುದನಿಯವರು. ಜೆಲ್ಯೋಟ್ ಕೂಡ ಅಂಥವನೇ. ಅಂದಿನ ಪ್ಯಾರಿಸ್ ಒಪೆರಾದ ಶ್ರುತಿ ಇಂದಿನದಕ್ಕಿಂತ ಸುಮಾರು ಒಂದು ಸ್ವರ ಕೆಳಗಿತ್ತು. ಹಾಗಾಗಿ ಸ್ವರಲಿಪಿಯ ಹಾಳೆಯ ಮೇಲೆ ಕಾಣುವಷ್ಟು ಎತ್ತರ ಕಿವಿಗೆ ಇರಲಿಲ್ಲ.

ಜೆಲ್ಯೋಟ್ ಹುಟ್ಟಿದ್ದು 1713ರಲ್ಲಿ, ನೈಋತ್ಯ ಫ್ರಾನ್ಸಿನ ಬೆಆರ್ನ್ ಸೀಮೆಯ ಲಾಸ್ಯೂಬ್‌ನಲ್ಲಿ. 1733ರಲ್ಲಿ ಪ್ಯಾರಿಸ್ ಒಪೆರಾ ಸೇರಿದ, 1755ರಲ್ಲಿ ಬಿಟ್ಟ.

ಇನ್ನು ಚಿತ್ರದಲ್ಲಿರುವ ಆ ಹೆಣ್ಣುವೇಷ? ಸೀರಿಯಸ್ ಏನೂ ಅಲ್ಲ, ಅದು ಶುದ್ಧ ತಮಾಷೆ! 1745ರಲ್ಲಿ ವರ್ಸೇಲ್ಸ್‌ನಲ್ಲಿ, ಯುವರಾಜನ ಮದುವೆ ಸಂಭ್ರಮಕ್ಕೆ ಸಂಗೀತಕಾರ ರಾಮೋ 'ಪ್ಲಾತೆ' ಅನ್ನೋ ನಗೆ ಒಪೆರಾ ಆಡಿಸಿದ. ಪ್ಲಾತೆಯ ಪಾತ್ರ ಜೆಲ್ಯೋಟ್‌ನದು. ಜೌಗಿನಲ್ಲಿ ವಾಸಿಸುವ ಈ ಕುರೂಪಿ ಅಪ್ಸರೆಗೆ ದೇವರಾಜ ಜ್ಯುಪಿಟರ್ ತನ್ನನ್ನೇ ಪ್ರೀತಿಸುತ್ತಾನೆ ಅನ್ನೋ ಭ್ರಮೆ. ಅವಳ ಹಾಡಿನಲ್ಲಿ ಕಪ್ಪೆಗಳ ವಟವಟ ಬೇರೆ. ಗಂಡಸು ಹಾಡಿದರೇ ನಗು ಬರೋದು, ಅಲ್ವಾ? ಓಡಾಡುತ್ತಿರುವ, ಚಿತ್ರಕಾರ ಕ್ವಾಪೆಲ್ ಬರೆದ ಚಿತ್ರ ಆ ಪಾತ್ರದ್ದೇ. ಅದೀಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ.

ವೇಷವಿಲ್ಲದ ಜೆಲ್ಯೋಟ್‌ನನ್ನು ನೋಡಬೇಕಾ? ಚಿತ್ರಕಾರ ಒಲಿವಿಯೆ 1766ರಲ್ಲಿ ಬರೆದ ಚಹಾಕೂಟದ ಚಿತ್ರ ಹುಡುಕಿ. ಪಿಯಾನೊದಂಥ ವಾದ್ಯ ಹಾರ್ಪ್ಸಿಕಾರ್ಡ್ ಮುಂದೆ ಪುಟಾಣಿ ಮೊಜಾರ್ಟ್, ಪಕ್ಕದಲ್ಲಿ ಗಿಟಾರ್ ಹಿಡಿದಿರುವವನೇ ನಮ್ಮ ಜೆಲ್ಯೋಟ್.