ಭಾವನ ಸೀಸನ್

ಇವತ್ತು ಬೆಳಿಗ್ಗೆ ಆರೂವರೆಗೆ ನನ್ನ ಟ್ರೆಕ್ಕಿಂಗ್ ಶೂವಿನ ತಳ ಕಳಚಿ ಬಿತ್ತು. ಹಿಮಾಲಯದಲ್ಲಿ ಬಿದ್ದಿದ್ದರೆ ಹೇಳಿಕೊಳ್ಳೋಕಾದರೂ ಚೆನ್ನಾಗಿರುತ್ತಿತ್ತು. ಬಿದ್ದದ್ದು ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ. ಅಭ್ಯಾಸಕ್ಕೆ ಅಂತ ಬೆನ್ನ ಮೇಲಿನ ಬ್ಯಾಗಿಗೆ ಹತ್ತು ಕೆಜಿ ಸೋನಾ ಮಸೂರಿ ತುಂಬಿದ್ದೆ. ಆ ಭಾರದಲ್ಲಿ ತಳ ಹೋದದ್ದು ಗೊತ್ತೇ ಆಗಲಿಲ್ಲ. ಪಕ್ಕದ ಮನೆ ಹುಡುಗ ಹಿಂದೆಯೇ ಓಡಿ ಬಂದು, "ಅಂಕಲ್, ನಿಮ್ದು ಬಿದ್ದೋಯ್ತು" ಅಂತ ಸತ್ತ ಇಲಿ ಹಿಡಿದ ಹಾಗೆ ಎರಡೇ ಬೆರಳಲ್ಲಿ ಹಿಡಿದು ಕೊಟ್ಟ. ಅವನ ಅಮ್ಮ ದಿನಾ ಕೇಳುವುದನ್ನೇ ಇವತ್ತೂ ಕೇಳಿದರು: "ಲಿಫ್ಟ್ ಕೆಟ್ಟಿದೆಯಾ?"

ಶೂವನ್ನು ಬೈದು ಪ್ರಯೋಜನವಿಲ್ಲ. ಇಂಥ ಶೂಗಳಿಗೆ ಪಾಲಿಯುರೆಥೇನ್ ತಳ ಇರುತ್ತದೆ. ಹಾಕಿಕೊಂಡು ನಡೆದರೆ ನಿಧಾನಕ್ಕೆ ಸವೆಯುತ್ತದೆ. ಡಬ್ಬದಲ್ಲೇ ಇಟ್ಟರೆ ಗಾಳಿಯ ತೇವಕ್ಕೆ ಸುಮ್ನೆ ಕೂತಲ್ಲೇ ಪುಡಿಯಾಗುತ್ತದೆ. ನನ್ನದು ಮೂರು ವರ್ಷದಿಂದ ಕೂತಿದೆ. ಯಾಕೆಂದರೆ ಮೂರು ವರ್ಷದಿಂದ ನಾನು ಹಿಮಾಚಲದ ಹಂಪ್ತಾ ಪಾಸ್ ಅನ್ನೋ ಬೆಟ್ಟ ದಾಟುವ ದಾರಿಗೆ ಹೋಗೋಕೆ ಒಳ್ಳೆ ಸೀಸನ್ ಹುಡುಕುತ್ತಿದ್ದೇನೆ.

ಮನಾಲಿ ಹತ್ತಿರದ ಜೋಬ್ರಾದಿಂದ ನಡಿಗೆ ಶುರು. ಚಿಕಾ, ಬಾಲೂ ಕಾ ಘೇರಾ ದಾಟಿ ಸುಮಾರು 4,270 ಮೀಟರ್ ಎತ್ತರದ ಪಾಸ್ ಹತ್ತಿದರೆ, ಆ ಕಡೆ ಇಳಿಯುವುದು ಛತ್ರುವಿಗೆ. ಈ ಕಡೆಯ ಕುಲ್ಲು ಹಸಿರೋ ಹಸಿರು. ಆ ಕಡೆಯ ಲಾಹೌಲ್ ಬೋಳು ಬೆಟ್ಟ. ಮೋಡಗಳು ಇರುವುದನ್ನೆಲ್ಲ ಈ ಕಡೆಯೇ ಸುರಿದು ಬರಿಗೈಯಲ್ಲಿ ಅತ್ತ ಹೋಗುತ್ತವೆ. ಆಗುಂಬೆಯಲ್ಲಿ ತಿಂಡಿ ತಿಂದು ಸಂಜೆಗೆ ಚಿತ್ರದುರ್ಗಕ್ಕೆ ನಡೆದುಕೊಂಡು ಹೋದ ಹಾಗೆ. ಇದನ್ನು ನೋಡಬೇಕು ಅನ್ನೋದಷ್ಟೇ ನನ್ನ ಆಸೆ. ಅದಕ್ಕೆ ಭಾವನನ್ನು ಕೇಳಿದ್ದು ನನ್ನ ತಪ್ಪು.

ಭಾವ ಒಮ್ಮೆ ಹಿಮಾಲಯಕ್ಕೆ ಹೋಗಿದ್ದಾರೆ. 3,978 ಮೀಟರ್ ಎತ್ತರದ ರೋಹ್ತಾಂಗ್‌ಗೆ, ಕಾರಿನಲ್ಲಿ. ಮೊಣಕಾಲು ಮುಟ್ಟುವ ಬಾಡಿಗೆ ಕೋಟು ಹಾಕಿಕೊಂಡು ಅರ್ಧ ಗಂಟೆ ನಿಂತು, ಮ್ಯಾಗಿ ತಿಂದು ಬಂದರು. ಅಲ್ಲಿಂದ ಅವರು ಹಿಮಾಲಯದ ಪಂಡಿತರು.

"ಜುಲೈ ಹೇಗೆ ಭಾವ?"

"ಜುಲೈನಲ್ಲಾ? ಮಳೆ ಮಾರಾಯ, ಗುಡ್ಡ ಕುಸಿಯುತ್ತೆ. ಹೋದ ತಿಂಗಳು ಚೆನ್ನಾಗಿತ್ತು."

ಮುಂದಿನ ವರ್ಷ ಜಾಣನಾಗಿ ಜೂನ್‌ಗೇ ಕೇಳಿದೆ. "ಪಾಸ್ ತುಂಬ ಹಿಮ ಇರುತ್ತಲ್ಲೋ. ನೀನು ಐಸ್‌ಕ್ರೀಮಿಗೇ ಕೆಮ್ಮೋನು. ಹೋದ ತಿಂಗಳಾದ್ರೆ ಬಿಸಿಲಿತ್ತು."

"ಮೇನಲ್ಲಿ ಇನ್ನೂ ಜಾಸ್ತಿ ಹಿಮ ಅಲ್ವಾ ಭಾವ?"

"ಹಾಗಂತ ಬಿಸಿಲು ಸುಳ್ಳಾ?"

ಆಗಸ್ಟ್ ಅಂದರೆ ಹಳ್ಳದ ನೀರು ಏರಿರುತ್ತೆ, ಜುಲೈನಲ್ಲಿ ಹೂವಿತ್ತು. ಸೆಪ್ಟೆಂಬರ್ ಅಂದರೆ ಚಳಿ, ಆಗಸ್ಟ್‌ನಲ್ಲಿ ಹಸಿರಿತ್ತು. ಅಕ್ಟೋಬರ್ ಅಂದಾಗ ಮಾತ್ರ ಐದು ಸೆಕೆಂಡ್ ಸುಮ್ಮನಿದ್ದರು. "ಸೆಪ್ಟೆಂಬರ್ ಕೊನೇಲಿ ಆಕಾಶ ಹೇಗಿರುತ್ತೆ ಗೊತ್ತಾ? ತೊಳೆದಿಟ್ಟ ಹಾಗೆ! ಹೋಗೋದು ಬಿಟ್ಟು..." ಅಂತ ನನ್ನನ್ನೇ ಬೈದರು. ಇದರಲ್ಲಿ ಯಾವುದೂ ಸುಳ್ಳಲ್ಲ ಅನ್ನೋದೇ ನನ್ನ ಸಂಕಟ. ಎಲ್ಲವೂ ನಿಜ, ಬರೀ ಒಂದು ತಿಂಗಳು ತಡ.

ಬೆಟ್ಟ ಒಪ್ಪಿದರೂ ಅಮ್ಮನ ಪಂಚಾಂಗ ಒಪ್ಪಬೇಕು. ಆಷಾಢದಲ್ಲಿ ಹೊಸದೇನೂ ಶುರು ಮಾಡಬಾರದು. ಶ್ರಾವಣ ಪೂರ್ತಿ ಹಬ್ಬ. ಭಾದ್ರಪದಕ್ಕೆ ಗಣಪತಿ, ಅವನನ್ನು ಕಳಿಸುವಷ್ಟರಲ್ಲಿ ಪಿತೃಪಕ್ಷ. ಮಗಳಿಗೆ ದಸರಾ ರಜೆ ಸಿಕ್ಕಾಗ ಅಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ, ಟೆಂಟಿನವರು ಗಂಟುಮೂಟೆ ಕಟ್ಟುತ್ತಿರುತ್ತಾರೆ. ಆಫೀಸಿನ ಕಥೆ ಬೇಡ ಬಿಡಿ.

ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಶಾಲೆ ಬಾಗಿಲು ತೆರೆಯುತ್ತಿದ್ದದ್ದೇ ಜೂನ್‌ನಲ್ಲಿ, ಸರಿಯಾಗಿ ಮಳೆ ಹಿಡಿದ ಮೇಲೆ. ಕಂಬಳಿ ಕೊಪ್ಪೆ ಹೊದ್ದು, ಬರಿಗಾಲಲ್ಲಿ ಮೂರು ಕಿಲೋಮೀಟರ್. ಕಾಲಿಗೆ ಹತ್ತಿದ ಇಂಬಳ ಕಿತ್ತು ಎಸೆಯುತ್ತಾ ನಡೆಯುತ್ತಿದ್ದೆವು. ಹಳ್ಳದ ಮೇಲೆ ಅಡಿಕೆ ಮರದ ಸಂಕ. ಕೆಳಗೆ ಕೆಂಪು ನೀರು ಮೊರೆಯುವಾಗ ನನ್ನ ಕೈಚೀಲವನ್ನೂ ತಾನೇ ಹಿಡಿದು ಮೊದಲು ದಾಟುತ್ತಿದ್ದ ಎರಡು ಕ್ಲಾಸ್ ಮುಂದಿನ ಹುಡುಗನೇ ಆಮೇಲೆ ನಮ್ಮಕ್ಕನನ್ನು ಮದುವೆಯಾದ. "ಬಾರೋ, ಏನಾಗಲ್ಲ" ಅಂತ ಆಚೆ ದಡದಿಂದ ಕೂಗುತ್ತಿದ್ದ. ಮಳೆ ನಿಲ್ಲಲಿ ಅಂತ ಒಂದು ದಿನವೂ ಹೇಳಿದ್ದು ನೆನಪಿಲ್ಲ. ಮೂರು ವರ್ಷದ ಹಿಂದೆ ಈ ಶೂ ಕೊಂಡಾಗಲೂ ಭಾವ ಜೊತೆಗಿದ್ದರು. ಎರಡು ಜೊತೆ ತಗೊಂಡಿದ್ದೆವು. ಹೋದ ವರ್ಷ ಅವರಿಗೆ ಮಂಡಿ ಆಪರೇಷನ್ ಆಯಿತು. ಅವರ ಡಬ್ಬ ಅಕ್ಕನ ಮನೆಯ ಅಟ್ಟದ ಮೇಲಿದೆ. ಅದರ ತಳದ ಗತಿ ಏನಾಗಿದೆಯೋ, ನಾನು ಕೇಳಿಲ್ಲ.

ಆಫೀಸಿಗೆ ಹೋಗುವಾಗ ತಿರುವಿನಲ್ಲಿ ಕೂರುವ ಚಪ್ಪಲಿ ರಿಪೇರಿಯವರ ಹತ್ತಿರ ಶೂ ಕೊಟ್ಟೆ. ಅವರು ಕೊಡೆ ಸರಿ ಮಾಡಿಕೊಂಡು, ತಳವನ್ನು ಬಗ್ಗಿಸಿ, ಮೂಸಿ ನೋಡಿದರು.

"ಹೊಸ ತಳ ಹಾಕಬೇಕು ಸಾರ್. ಯಾವಾಗ ಬೇಕು?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದ್ದಿದ್ದರೆ ಶೂ ಇಲ್ಲಿಗೆ ಬರುತ್ತಲೇ ಇರಲಿಲ್ಲ. "ನೀವೇ ಹೇಳಿ, ಯಾವಾಗ ಆಗುತ್ತೆ?" ಅಂದೆ.

ಅವರು ಕೊಡೆಯಾಚೆ ಕತ್ತು ಚಾಚಿ ಆಕಾಶ ನೋಡಿದರು.

"ಈ ಜಿಟಿಜಿಟಿಯಲ್ಲಿ ಅಂಟು ಒಣಗಲ್ಲ. ಹೋದ ತಿಂಗಳು ತರಬೇಕಿತ್ತು ಸಾರ್."