ಒಂದೇ ಮೂಗಿಗಿ ಉಷ್ಣನೂ ಥಂಡಿನೂ ಹೆಂಗ್ ಆಗ್ತದ್ರಿ?

ನಮ್ಮ ಕಲಬುರಗ್ಯಾಗ ಹುಡುಗರಿಗಿ ಮೂಗಿಲೆ ರಕ್ತ ಬಂದ್ರ ಯಾರೂ ಗಾಬರಿ ಆಗಂಗಿಲ್ಲ. ಈ ಬಿಸಲಿಗಿ ಉಷ್ಣ ಆಗ್ಯದ, ಉಳ್ಳಾಗಡ್ಡಿ ಮೂಸಸ್ರಿ, ತಲಿ ಹಿಂದ ಬಗ್ಗಸ್ರಿ, ಮುಗೀತು. (ಹಿಂದ ಬಗ್ಗಸಬಾರದಂತ, ರಕ್ತ ಗಂಟಲಿಗಿ ಇಳೀತದ. ಮುಂದ ಬಗ್ಗಿಸಿ ಕೂಡಿಸಿ ಮೂಗಿನ ಮೆತ್ತನ ಭಾಗ 10 ನಿಮಿಷ ಬಿಡದಂಗ ಹಿಡೀಬೇಕು.) ನಮ್ಮ ಅಕ್ಕನ ಮಗ, 14 ವರ್ಷದಂವ, ಅವನಿಗೂ ಬ್ಯಾಸಗ್ಯಾಗ ಇದೇ ಮಾಡಿದ್ವಿ. ಮಳಿ ಬಂತು, ದಸರಾ ಬಂತು, ರಕ್ತ ನಿಂದರಲಿಲ್ಲ. ದಸರಾದಾಗ ಎಲ್ಲಿ ಉಷ್ಣ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಎಡಗಡಿ ಮೂಗು ಪೂರಾ ಬಂದ್, ರಾತ್ರಿ ಬಾಯಿ ತೆಗೆದು ಗೊರಕಿ ಹೊಡೀತಿದ್ದ, ಅದಕ್ಕ ಥಂಡಿ ಆಗ್ಯದ ಅಂತ ವಿಕ್ಸ್ ಹಚ್ಚಿದ್ವಿ!

ಆಮ್ಯಾಲ ಒಂದು ದವಾಖಾನಿಗಿ ಹೋದ್ರ ದುರ್ಮಾಂಸ ಬೆಳದದ, ಒಂದ್ ತುಣುಕು ಕತ್ತರಿಸಿ ಟೆಸ್ಟಿಗಿ ಕಳಸಮಿ ಅಂದ್ರು. ನಮ್ಮ ಪುಣ್ಯ, ಅವತ್ತು ಕರೆಂಟ್ ಹೋಯ್ತು, ನಾಳಿ ಬರ್ತೀವಂತ ಎದ್ದು ಬಂದ್ವಿ. ಮರುದಿನ ಬ್ಯಾರೆ ಇ.ಎನ್.ಟಿ. ಡಾಕ್ಟರ್ ನೋಡಿ "ಈ ವಯಸ್ಸಿನ ಗಂಡು ಹುಡುಗ, ಒಂದೇ ಕಡಿ ಬಂದ್, ಪದೇ ಪದೇ ರಕ್ತ, ಇದಕ್ಕ ಕತ್ತರಿ ಹಚ್ಚಲಾಕ ಬಿಡಬ್ಯಾಡ್ರಿ, ಮೊದಲ ಸ್ಕ್ಯಾನ್ ಮಾಡಸ್ರಿ" ಅಂದ್ರು.

ಸ್ಕ್ಯಾನ್ ಮಾಡಿಸಿದ್ರ ಗೊತ್ತಾತು, ಆಂಜಿಯೋಫೈಬ್ರೋಮಾ ಅನ್ನೋ ಗಡ್ಡಿ ಅಂತ. ಕ್ಯಾನ್ಸರ್ ಅಲ್ಲ, ಭಾಳ ಅಪರೂಪ, ಹೆಚ್ಚುಕಡಿಮಿ ಹರೆಯದ ಗಂಡು ಹುಡುಗರಿಗೇ ಬರ್ತದ. ಆದ್ರ ಕ್ಯಾನ್ಸರ್ ಅಲ್ಲ ಅಂದಕೂಡ್ಲೆ ಹಗುರ ಅಂತಲ್ಲ, ಮೂಗಿನ ಹಿಂದ ಹುಟ್ಟಿ ಎಲುಬು ಸರಿಸಿಕೋತ ಗಲ್ಲದಾಗ, ಕಣ್ಣಿನ ಕಡಿ, ತಲಿಬುರಡಿ ತನಕ ಹೋಗ್ತದ. ಒಳಗ ಬರೀ ರಕ್ತನಾಳ, ತುಣುಕು ತೆಗೀಲಾಕ ಹೋದ್ರ ರಕ್ತ ತಡಿಯೋದೇ ಕಷ್ಟ.

ಹೈದರಾಬಾದಿಗಿ ಹೋದ್ವಿ. ಆಪರೇಷನ್ ಹಿಂದಿನ ದಿನ ತೊಡಿಸಂದಿ ರಕ್ತನಾಳದಿಂದ ಸಣ್ಣ ನಳಿಗಿ ಬಿಟ್ಟು, ಗಡ್ಡಿಗಿ ರಕ್ತ ಹೋಗೋ ನಾಳ ಬಂದ್ ಮಾಡಿದ್ರು, ಹೊಲಕ್ಕ ನೀರ್ ಹೋಗೋ ಕಾಲುವಿ ಕಟ್ಟಿದಂಗ. ಮರುದಿನ ಮೂಗಿನೊಳಗಿಂದನೇ ದುರ್ಬೀನ್ ಹಾಕಿ ತೆಗೆದ್ರು, ಮಾರಿ ಮ್ಯಾಲ ಒಂದು ಗೆರಿ ಇಲ್ಲ. ಎಲ್ಲರದೂ ಹಿಂಗೇ ಆಗಂಗಿಲ್ಲ, ದೊಡ್ಡದಾಗಿ ಹಬ್ಬಿದ್ರ ಹೊರಗಿಂದ ಕೊಯ್ಬೇಕಾಗ್ತದಂತ.

ಅಲ್ಲೇ ಬಾಜು ಬೆಡ್‌ನಾಗ ಬೀದರ್ ಕಡಿ ಕಾಕಾ ಒಬ್ರು ಇದ್ರು, ಅವರದು ಇನ್ವರ್ಟೆಡ್ ಪ್ಯಾಪಿಲೋಮಾ ಅಂತ ಮೂಗಿನಾಗಿನ ಬ್ಯಾರೆ ಥರದ ಗಡ್ಡಿ, ಹೆಚ್ಚಾಗಿ ವಯಸ್ಸಾದವ್ರಿಗಿ ಬರೋದು, ಕೆಲವರಿಗಿ ಮುಂದ ಕ್ಯಾನ್ಸರ್ ಆಗ್ತದಂತ, ಬುಡ ಸಮೇತ ತೆಗಿಲಿಲ್ಲ ಅಂದ್ರ ಮತ್ತ ಬೆಳೀತದ. ಅವರೂ ವರ್ಷಗಟ್ಲೆ ಥಂಡಿ ಅಂತೇ ಕುಂತಿದ್ರು, ಅವರದೂ ಒಂದೇ ಕಡಿ ಮೂಗು!

ನಮ್ಮ ಹುಡುಗಂದೂ ಮತ್ತ ಬೆಳಿಯೋ ಚಾನ್ಸ್ ಅದ, ಎಂ.ಆರ್.ಐ. ಮಾಡಸ್ಕೋತ ಇರಬೇಕು. ಮೊನ್ನಿ ಬಲಗಡಿ ಮೂಗು ಬೆರಳಿಂದ ಮುಚ್ಚಿಕೊಂಡು "ಮಾಮಾ, ಎಡಗಡಿಲಿಂದನೂ ವಾಸನಿ ಬರ್ಲಾಕತ್ತದ" ಅಂದ. ಏನ್ ವಾಸನಿ ಅಂದ್ರ, ನಮ್ಮ ಅಕ್ಕ ಮಾತಾಡಕೋತ ಹಂಚಿನ ಮ್ಯಾಲ ರೊಟ್ಟಿ ಹೊತ್ತಿಸಿದ್ಳು.