ಏನೂ ಮಾಡಲ್ಲ, ಬನ್ನಿ ಸಾರ್!

ಮೈಸೂರಿನಲ್ಲಿ ಮನೆ ನೋಡಲು ಹೋಗುವವರು ಕಾವೇರಿ ನೀರು ಬರುತ್ತಾ, ಬಾಗಿಲು ಪೂರ್ವಕ್ಕಿದೆಯಾ, ಸ್ಕೂಟರ್ ನಿಲ್ಲಿಸಲು ಜಾಗ ಇದೆಯಾ ಎಂದೆಲ್ಲ ಕೇಳುತ್ತಾರೆ. ಪಕ್ಕದ ಮನೆಯಲ್ಲಿ ನಾಯಿ ಇದೆಯಾ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು. ನೀರು ಬರದಿದ್ದರೆ ಟ್ಯಾಂಕರ್ ತರಿಸಬಹುದು. ನಿದ್ದೆ ಬರದಿದ್ದರೆ ಏನು ತರಿಸುತ್ತೀರಿ?

ಕುವೆಂಪುನಗರದ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಒಂದೇ ಕಾಂಪೌಂಡ್ ಗೋಡೆ. ಅದರಾಚೆ ಚಿನ್ನು ಎಂಬ ಬಿಳಿ ಪೊಮೇರಿಯನ್, ಬ್ರೂನೋ ಎಂಬ ಲ್ಯಾಬ್ರಡಾರ್. ಇಬ್ಬರೂ ಕೆಲಸ ಹಂಚಿಕೊಂಡಿದ್ದಾರೆ. ಬೊಗಳಲು ಕಾರಣ ಹುಡುಕುವುದು ಚಿನ್ನು. ಕಾರಣ ಕೇಳದೆ ಬೊಗಳುವುದು ಬ್ರೂನೋ. ನಮ್ಮ ಒಗ್ಗರಣೆಯಲ್ಲಿ ಸಾಸಿವೆ ಸಿಡಿದರೆ ಸಾಕು, ಚಿನ್ನು ಸಣ್ಣ ದನಿಯಲ್ಲಿ ಠರಾವು ಮಂಡಿಸುತ್ತದೆ. ಬ್ರೂನೋ ಕಿಟಕಿ ಗಾಜು ಅದುರುವಂತೆ ಅನುಮೋದಿಸುತ್ತದೆ. ಕುಕ್ಕರ್ ಕೂಗಿದರೂ ಅಷ್ಟೇ, ಕಸದ ಗಾಡಿ ಬಂದರೂ ಅಷ್ಟೇ, ಅಮ್ಮ ಜೋರಾಗಿ ಆಕಳಿಸಿದರೂ ಅಷ್ಟೇ. ಮನುಷ್ಯರ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್ ತನಕ ಕೇಳಿಸುತ್ತದೆ. ನಾಯಿಗೆ 40,000ಕ್ಕೂ ಜಾಸ್ತಿ. ಅಂದರೆ ನಾವು ಉಸಿರು ಬಿಗಿಹಿಡಿದು ಕೂತರೂ ಅವಕ್ಕೆ ಕೆಲಸ ತಪ್ಪುವುದಿಲ್ಲ.

ಇದೇ ಊರಿನಲ್ಲಿ ದಸರಾಕ್ಕೆ ಮುಂಚೆ ಆನೆ, ಕುದುರೆಗಳಿಗೆ ಕುಶಾಲತೋಪಿನ ತಾಲೀಮು ಕೊಡುತ್ತಾರೆ. ಕಾಡಿನ ಶಿಬಿರದಿಂದ ಬಂದ ಆನೆ ಫಿರಂಗಿ ಸದ್ದಿಗೆ ಬೆದರದೆ ನಿಲ್ಲುವುದನ್ನು ಕಲಿಯುತ್ತದೆ. ಜಂಬೂಸವಾರಿಯ ದಿನ 21 ತೋಪು ಹಾರುತ್ತವೆ, ಆಮೇಲೆ 750 ಕೆ.ಜಿ. ಅಂಬಾರಿ ಹೊತ್ತ ಆನೆ ಕಿವಿ ಬೀಸಿಕೊಂಡು ತನ್ನ ಪಾಡಿಗೆ ನಡೆಯುತ್ತದೆ. ಕುವೆಂಪುನಗರದಲ್ಲೇ ಹುಟ್ಟಿ ಬೆಳೆದ ಚಿನ್ನುಗೆ ನಮ್ಮ ಗೇಟಿನ ಚಿಲಕದ ಸದ್ದು ಇನ್ನೂ ರೂಢಿಯಾಗಿಲ್ಲ.

ನ್ಯಾಯವಾಗಿ ನೋಡಿದರೆ ನಾಯಿಗಳ ಲೆಕ್ಕವೂ ಸರಿಯೇ. ಕೊರಿಯರ್ ಹುಡುಗ ಬರುತ್ತಾನೆ. ಇವು ಬೊಗಳುತ್ತವೆ. ಅವನು ಪಾರ್ಸೆಲ್ ಕೊಟ್ಟು ಹೋಗುತ್ತಾನೆ. ಅವನು ಹೋದದ್ದು ಕೆಲಸ ಮುಗಿಯಿತು ಅಂತ. ಆದರೆ ಇವರ ಪ್ರಕಾರ ಅವನನ್ನು ಓಡಿಸಿದ್ದು ತಾವು. ಸೊಪ್ಪಿನವಳು ಹೋದಳು, ಗೆಲುವು. ಗ್ಯಾಸ್‌ನವನು ಹೋದ, ಗೆಲುವು. ದಿನವಿಡೀ ಗೆಲ್ಲುತ್ತಲೇ ಇರುವವರು ಸುಮ್ನೆ ಯಾಕೆ ಕೂರುತ್ತಾರೆ, ಅಲ್ವಾ?

ಕೊನೆಗೆ ಮಾತಾಡಿಯೇ ಬಿಡೋಣ ಎಂದು ಒಂದು ಭಾನುವಾರ ಅವರ ಮನೆಗೆ ಹೋದೆ. ಗೇಟಿನ ಮೇಲೆ 'ನಾಯಿ ಇದೆ ಎಚ್ಚರಿಕೆ' ಎಂಬ ಬೋರ್ಡು. ಗೇಟಿನೊಳಗೆ "ಏನೂ ಮಾಡಲ್ಲ, ಬನ್ನಿ ಸಾರ್!" ಎನ್ನುವ ಯಜಮಾನರು. ಎರಡರಲ್ಲಿ ಯಾವುದನ್ನು ನಂಬುವುದು? ನಾಯಿ ಸಾಕಿದವರೆಲ್ಲ ಈ ಮಾತು ಹೇಳುತ್ತಾರೆ. ಏನೂ ಮಾಡಲ್ಲ ಎನ್ನುವುದು ನನಗೆ ಗೊತ್ತು, ಅವರಿಗೆ ಗೊತ್ತು. ಆ ಹೊತ್ತಿನಲ್ಲಿ ನನ್ನ ಮೊಣಕಾಲು ಮೂಸುತ್ತಿದ್ದ ಬ್ರೂನೋಗೂ ಗೊತ್ತಿರಬೇಕಲ್ಲ.

ನಾನು ತಯಾರಾಗಿಯೇ ಹೋಗಿದ್ದೆ. ಶಬ್ದಮಾಲಿನ್ಯ ನಿಯಮ 2000ನೇ ಇಸವಿಯಿಂದ ಇದೆ, ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ 45 ಡೆಸಿಬಲ್ ಮೀರಬಾರದು ಎಂದೆ. ರಿಟೈರಾದ ಮನುಷ್ಯರ ಹತ್ತಿರ ಕಾನೂನು ಮಾತಾಡಬಾರದು. ಅವರು ಕನ್ನಡಕ ಏರಿಸಿಕೊಂಡು ಒಳಗಿನಿಂದ ಒಂದು ಫೈಲ್ ತಂದರು. ದಾರ ಕಟ್ಟಿದ ಫೈಲು. "ನೋಡಿ ಸಾರ್, ಪ್ರಾಣಿ ಕಲ್ಯಾಣ ಮಂಡಳಿದು, 2015ರದ್ದು. ಬೊಗಳೋದು ನಾಯಿಯ ಸಹಜ ಗುಣ, ಅದೊಂದು ಕಾರಣಕ್ಕೆ ಸಾಕಬೇಡಿ ಅನ್ನೋ ಹಾಗಿಲ್ಲ." ಹೌದು, ಹಾಗೇ ಇತ್ತು. ರಾತ್ರಿ ಹೊತ್ತು ನಾಯಿಗಳು ಗಲಾಟೆ ಮಾಡದಂತೆ ಸಾಕಿದವರು ನೋಡಿಕೊಳ್ಳಬೇಕು ಎಂದೂ ಅದೇ ಹಾಳೆಯಲ್ಲಿ ಇತ್ತು. ಅದನ್ನು ತೋರಿಸೋಣ ಎಂದು ಬೆರಳಿಡುವಷ್ಟರಲ್ಲಿ ಅವರ ಹೆಂಡತಿ ಸರಿಯಾಗಿ ಆ ಸಾಲಿನ ಮೇಲೆ ಕಾಫಿ ಲೋಟ ಇಟ್ಟರು. ಜೊತೆಗೆ ನಿಪ್ಪಟ್ಟು. ನಿಪ್ಪಟ್ಟು ಗರಿಗರಿಯಾಗಿತ್ತು. ಕಚ್ಚಿದ ಸದ್ದಿಗೆ ಚಿನ್ನು ಬೊಗಳಿತು.

ಅಮ್ಮನ ತಕರಾರೇ ಬೇರೆ. ಕಾಂಪೌಂಡಿಗೆ ಒರಗಿದ ನಮ್ಮ ದಾಸವಾಳದ ಗಿಡದಲ್ಲಿ ಪೂಜೆಗೆ ಹೂ ಸಿಗುತ್ತಿರಲಿಲ್ಲ. ರಾತ್ರಿ ಮೊಗ್ಗು ನೋಡಿ ಮಲಗಿದರೆ ಬೆಳಿಗ್ಗೆ ಬರೀ ತೊಟ್ಟು. ನಮ್ಮ ಕಡೆ ಇದೇನೂ ಹೊಸದಲ್ಲ. ವಾಕಿಂಗ್ ಹೆಸರಿನಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ಹೊರಟು, ಕಂಡವರ ಗಿಡದ ಹೂವಿನಲ್ಲಿ ಪುಣ್ಯ ಸಂಪಾದಿಸುವವರು ಬೀದಿಗೊಬ್ಬರಿದ್ದಾರೆ. ಅಮ್ಮನಿಗೆ ಸಿಟ್ಟು ಬಂದದ್ದು ನಾಯಿಗಳ ಮೇಲೆ. "ನಾನು ಗಿಡಕ್ಕೆ ನೀರು ಹಾಕಿದ್ರೆ ಊರು ಒಂದು ಮಾಡ್ತವೆ. ಕಳ್ಳ ಬಂದ್ರೆ ಬಾಯಿಗೆ ಬೀಗ. ಇವುಕ್ಕೆ ಅನ್ನ ದಂಡ!"

ಮೊನ್ನೆ ಇನ್ನೂ ಕತ್ತಲಿರುವಾಗಲೇ ನನಗೆ ಎಚ್ಚರವಾಯಿತು. ಯಾವ ಸದ್ದೂ ಇರಲಿಲ್ಲ. ಅದೇ ಅನುಮಾನಕ್ಕೆ ಎದ್ದು ಹಿತ್ತಲ ಬಾಗಿಲು ತೆಗೆದೆ.

ಪಕ್ಕದ ಮನೆಯ ಯಜಮಾನರು ಆ ಕಡೆಯಿಂದ ಸ್ಟೂಲ್ ಹತ್ತಿ ನಿಂತಿದ್ದರು. ಪಂಚೆ ಮೇಲೆ ಕಟ್ಟಿದ್ದರು. ಕೊಡೆಯ ಹಿಡಿಯನ್ನು ನಮ್ಮ ದಾಸವಾಳದ ಕೊಂಬೆಗೆ ಸಿಕ್ಕಿಸಿ ಬಗ್ಗಿಸಿದ್ದರು. ಕಿರುಬೆರಳಿಗೆ ಪ್ಲಾಸ್ಟಿಕ್ ಕವರ್ ನೇತಾಡುತ್ತಿತ್ತು. ಗೋಡೆಯ ಕಿಂಡಿಯಲ್ಲಿ ನೋಡಿದರೆ, ಸ್ಟೂಲಿನ ಎರಡೂ ಪಕ್ಕ ಚಿನ್ನು, ಬ್ರೂನೋ ದೇವಸ್ಥಾನದ ದ್ವಾರಪಾಲಕರ ಹಾಗೆ ಕೂತಿದ್ದವು.

"ಏನ್ ಸಾರ್ ಇದು!" ಎಂದೆ, ಸ್ವಲ್ಪ ಜೋರಾಗಿಯೇ.

ಅವರು ಕೊಂಬೆ ಬಿಡಲಿಲ್ಲ. ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟರು.

"ಮೆತ್ತಗೆ ಮಾತಾಡಿ ಸಾರ್. ನಾಯಿಗಳು ಬೊಗಳಿಬಿಟ್ರೆ ಬೀದಿಯವರೆಲ್ಲ ಎದ್ದುಬಿಡ್ತಾರೆ, ಪಾಪ."